12,000 ಲ್ಯುಮೆನ್ಸ್ ಅಂತ ಡಬ್ಬಿ ಮೇಲಿದೆ, ಕ್ಲಾಸಿನಲ್ಲಿ ಹೃದಯವೇ ಕಾಣುತ್ತಿಲ್ಲ!

ಮಲೆನಾಡ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಳೇ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಪ್ರೊಜೆಕ್ಟರ್ ಕೊಡಿಸಿದರು. ಆನ್‌ಲೈನಿನಲ್ಲಿ ತರಿಸಿದ್ದು, ಒಂಬತ್ತು ಸಾವಿರ ಚಿಲ್ಲರೆ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 12,000 ಲ್ಯುಮೆನ್ಸ್ ಅಂತ ಇದೆ, ಅಂದರೆ ಬೆಳಕಿನ ಅಳತೆ.

ನಿನ್ನೆ ಹತ್ತನೇ ಕ್ಲಾಸಿಗೆ ಹೃದಯದ ಚಿತ್ರ ಹಾಕಿದೆ. ಕೆಂಪು ರಕ್ತ ಒಂದು ಕಡೆ, ನೀಲಿ ಒಂದು ಕಡೆ ಇರಬೇಕಲ್ಲ? ಗೋಡೆ ಮೇಲೆ ಎರಡೂ ಬೂದಿ ಬಣ್ಣ. ಮುಂದಿನ ಬೆಂಚಿನವರೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹಿಂದಿನ ಬೆಂಚಿನವನೊಬ್ಬ "ಸಾರ್, ಆನ್ ಮಾಡಿ" ಅಂದ. ಆನ್ ಆಗಿಯೇ ಇತ್ತು!

ರೂಮು 20 ಅಡಿಗೆ 24 ಅಡಿ. ಹೆಂಚಿನ ಮಾಡು, ನಡುವೆ ಆರು ಗಾಜಿನ ಹೆಂಚು. ಕರಿಹಲಗೆ ಪಕ್ಕದ ಬಿಳಿ ಗೋಡೆ ಮೇಲೆ 120 ಇಂಚಿನ ಚಿತ್ರ ಬಿಡುತ್ತಿದ್ದೇವೆ. ಅದರ ಎದುರಿಗೇ ಕಿಟಕಿಗಳು. ಹುಡುಗರು ಇನ್ನೂ 35,000 ಕೊಡುತ್ತೇವೆ, ಒಳ್ಳೆಯದು ತಗೊಳ್ಳಿ ಅನ್ನುತ್ತಿದ್ದಾರೆ. 3,500 ಲ್ಯುಮೆನ್ಸಿನದು ಸಿಗುತ್ತದಂತೆ. ಆದರೆ 12,000ದ್ದೇ ಕಾಣದಿದ್ದರೆ 3,500ರದ್ದು ಹೇಗೆ ಕಾಣುತ್ತದೆ? ಯಾರಾದರೂ ತಿಳಿದವರು ಹೇಳಿ.

ಗಡಿಬಿಡಿ ಗುಂಡ:
ಮೇಷ್ಟ್ರೇ, ವಾಪಸ್ ಮಾಡಿ. ಟಿವಿ ತಗೊಳ್ಳಿ. ಮುಗೀತು.

ಟೆರೇಸ್ ಟಾಕೀಸ್:
ಆ 12,000 ಸುಳ್ಳು ಸರ್. ನನ್ನ ಹತ್ತಿರವೂ ಅಂಥದ್ದೇ ಒಂದಿತ್ತು, ಅದರ ಮೇಲೆ 9,500 ಅಂತ ಬರೆದಿದ್ದರು. ರಾತ್ರಿ ಹತ್ತರ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಬೆಳಗ್ಗೆ ಹಾಕಿದರೆ ಗೋಡೆಗೆ ಯಾರೋ ನೀರು ಎರಚಿದ ಹಾಗೆ. ಎಲ್‌ಇಡಿ ಲ್ಯುಮೆನ್ಸನ್ನು 2.4ರಿಂದ ಭಾಗಿಸಿದರೆ ನಿಜವಾದ ಆನ್ಸಿ ಲ್ಯುಮೆನ್ಸ್ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಹಾಗೆ ನೋಡಿದರೆ ನಿಮ್ಮದು 5,000.

ಬೆಳಕಿಂಡಿ:
ಆ 2.4 ಲೆಕ್ಕ ನಂಬಬೇಡಿ. ಎಲ್ಲ ಕಡೆ ಓಡಾಡುತ್ತಿದೆ ಅದು, ಬುಡವಿಲ್ಲ. ಬರೆದ ಸಂಖ್ಯೆಯೇ ಗಾಳಿಯಲ್ಲಿ ಬಂದಿದ್ದಾದರೆ ಏನರಿಂದ ಭಾಗಿಸಿದರೇನು?

ನಾನು ಬೆಂಗಳೂರಿನಲ್ಲಿ ಆಫೀಸುಗಳ ಮೀಟಿಂಗ್ ರೂಮಿಗೆ ಪ್ರೊಜೆಕ್ಟರ್ ಕೂರಿಸುವ ಕೆಲಸದಲ್ಲಿದ್ದೇನೆ, ಹದಿನಾಲ್ಕು ವರ್ಷ ಆಯಿತು. ಆನ್ಸಿ ಲ್ಯುಮೆನ್ಸ್ ಅಂದರೆ ಅಳೆಯುವ ಒಂದು ಕ್ರಮ. ಪೂರ್ತಿ ಬಿಳಿ ಚಿತ್ರ ಬಿಟ್ಟು, ಅದನ್ನು ಒಂಬತ್ತು ಮನೆ ಮಾಡಿ, ಪ್ರತಿ ಮನೆಯ ನಡುವೆ ಬೆಳಕು ಅಳೆದು, ಸರಾಸರಿ ತೆಗೆದು, ಚಿತ್ರದ ವಿಸ್ತೀರ್ಣದಿಂದ ಗುಣಿಸುವುದು. 1992ರಿಂದ ಇದೆ. ಐಎಸ್‌ಒ 21118 ಅಂತ ಇನ್ನೊಂದು ಬಂದಿದೆ, ಅದೂ ಒಂಬತ್ತು ಜಾಗದ ಲೆಕ್ಕವೇ. ಅಗ್ಗದ ಡಬ್ಬಿಗಳ ಮೇಲೆ ಇವೆರಡೂ ಇರುವುದಿಲ್ಲ. ಬರೀ "ಲ್ಯುಮೆನ್ಸ್" ಅಂತ ಇರುತ್ತದೆ. ಒಳಗಿನ ಬಲ್ಬಿನದ್ದೋ, ಮಾರುವವನ ಆಸೆಯದ್ದೋ ಗೊತ್ತಾಗಲ್ಲ.

ಬಲ್ಬಿನದ್ದೇ ಅಂದುಕೊಂಡರೂ, ಈ ಅಗ್ಗದವುಗಳಲ್ಲಿ ಬೆಳಕು ಒಂದೇ ಒಂದು ಎಲ್‌ಸಿಡಿ ಗಾಜನ್ನು ದಾಟಿ ಬರಬೇಕು. ಬಹುಪಾಲು ಅಲ್ಲೇ ಸಾಯುತ್ತದೆ. ಲೆನ್ಸಿನಿಂದ ಹೊರಗೆ ಬಂದಿದ್ದು ಮಾತ್ರ ನಮಗೆ ಲೆಕ್ಕ. ನನ್ನ ಅಂದಾಜಿನಲ್ಲಿ ನಿಮ್ಮದು 200ರಿಂದ 300 ಆನ್ಸಿ.

ಗಡಿಬಿಡಿ ಗುಂಡ:
12,000ಕ್ಕೆ 200?? ಹಾಲಿಗೆ ನೀರು ಹಾಕಿದ್ದಲ್ಲ ಇದು, ನೀರಿಗೆ ಎರಡು ಹನಿ ಹಾಲು!

ಮಲೆನಾಡ ಮೇಷ್ಟ್ರು:
ಅಯ್ಯೋ. ನಾವೇ ಅಳೆಯಬಹುದೇ ಮೇಡಂ? ಮಕ್ಕಳಿಗೂ ಒಂದು ಪ್ರಯೋಗ ಆಗುತ್ತದೆ.

ಬೆಳಕಿಂಡಿ:
ಖಂಡಿತ. ಆಂಡ್ರಾಯ್ಡ್ ಫೋನಿನಲ್ಲಿ, ಗೋಡೆ ಮೇಲೆ ಬೀಳುವ ಬೆಳಕು ಅಳೆಯಲು, ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಸೆಲ್ಫಿ ಕ್ಯಾಮೆರಾ ಪಕ್ಕ ಬೆಳಕು ತಿಳಿಯುವ ಸೆನ್ಸರ್ ಇರುತ್ತದೆ. ಫೋನಿನ ಬೆನ್ನು ಗೋಡೆಗೆ ಅಂಟಿಸಿ, ಮುಖ ಪ್ರೊಜೆಕ್ಟರ್ ಕಡೆ. ಮೊದಲು ಪ್ರೊಜೆಕ್ಟರ್ ಆರಿಸಿ ಒಂದು ರೀಡಿಂಗ್ ತೆಗೆಯಿರಿ, ಅದು ರೂಮಿನ ಬೆಳಕು. ಆಮೇಲೆ ಬಿಳಿ ಸ್ಲೈಡ್ ಹಾಕಿ ಒಂಬತ್ತು ಕಡೆ ತೆಗೆಯಿರಿ. ಕೈ ನೆರಳು ಬೀಳದ ಹಾಗೆ ನೋಡಿಕೊಳ್ಳಿ. ಫೋನು ಅಂಗಡಿ ತಕ್ಕಡಿಯಷ್ಟು ಕರಾರುವಾಕ್ಕಲ್ಲ, ಆದರೆ ಎರಡೂ ಸಲ ಅದೇ ಫೋನ್ ಆದ್ದರಿಂದ ಹೋಲಿಕೆಗೆ ಸಾಕು.

ಹುಬ್ಬಳ್ಳಿ ಹುಡುಗ:
ಅಲ್ರೀ ಸರ್, ಪ್ರೊಜೆಕ್ಟರನ್ನು ಗೋಡೆ ಹತ್ತಿರ ಸರಿಸಿದರ ಆತಲ್ಲ? ಬ್ಯಾಟರಿ ಹತ್ತಿರ ಹಿಡಿದರ ಬೆಳಕು ಜಾಸ್ತಿ, ದೂರ ಹಿಡಿದರ ಕಡಿಮಿ. ಇಷ್ಟಕ್ಕ ಇಂಜಿನಿಯರ್ ಬೇಕಾ?

ಪ್ರಿಸಂ:
ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ಕಾರಣ ದೂರ ಅಲ್ಲ. ಹತ್ತಿರ ಸರಿಸಿದರೆ ಚಿತ್ರ ಚಿಕ್ಕದಾಗುತ್ತದೆ, ಅದಕ್ಕೇ ಬೆಳಕು ಏರುತ್ತದೆ.

ಪಿಯು ಮಕ್ಕಳಿಗೆ ನಾನು ದೋಸೆ ಲೆಕ್ಕ ಹೇಳುತ್ತೇನೆ. ಲ್ಯುಮೆನ್ ಅಂದರೆ ಸೌಟಿನಲ್ಲಿರುವ ಹಿಟ್ಟು. ಲಕ್ಸ್ ಅಂದರೆ ಕಾವಲಿ ಮೇಲೆ ಹಿಟ್ಟು ಎಷ್ಟು ದಪ್ಪ ಬಿದ್ದಿದೆ ಅನ್ನುವುದು. ಹಿಟ್ಟು ಅಷ್ಟೇ, ನೀವು ಅಗಲ ತಿರುವಿದಷ್ಟೂ ತೆಳು. 60 ಇಂಚಿನ ಚಿತ್ರವನ್ನು 120 ಇಂಚು ಮಾಡಿದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಯಾಕೆಂದರೆ ಅಗಲವೂ ಎರಡು ಪಟ್ಟು, ಎತ್ತರವೂ ಎರಡು ಪಟ್ಟು.

ಆ ದೋಸೆ ನಮ್ಮ ಕಣ್ಣಿಗೆ ಎಷ್ಟು ಹೊಳೆಯುತ್ತದೆ ಅನ್ನುವುದು ನಿಟ್ಸ್. ಅದು ಪರದೆ ಎಂಥದ್ದು ಅನ್ನುವುದರ ಮೇಲೂ ಹೋಗುತ್ತದೆ.

ಗಡಿಬಿಡಿ ಗುಂಡ:
ಮೇಷ್ಟ್ರು ಮಾಡಿರೋದು ಪೇಪರ್ ದೋಸೆ. ಅರ್ಧ ಸೌಟಿನಲ್ಲಿ.

ಕಡಲ ತಡಿ:
ದೋಸೆ ಅಂದಾಗ ನೆನಪಾಯಿತು, ನಮ್ಮಲ್ಲಿ ಒಮ್ಮೆ ಗಣೇಶೋತ್ಸವಕ್ಕೆ ಪಂಚೆ ಕಟ್ಟಿ ಸಿನಿಮಾ ಬಿಟ್ಟಿದ್ದೆವು. ಮುಂದೆ ಕೂತವರಿಗಿಂತ ಪಂಚೆಯ ಹಿಂದೆ ಕೂತವರಿಗೇ ಚೆನ್ನಾಗಿ ಕಾಣುತ್ತಿತ್ತು. ಅಕ್ಷರ ಮಾತ್ರ ಉಲ್ಟಾ!

ಬೆಳಕಿಂಡಿ:
ಪಂಚೆಯಲ್ಲಿ ಬೆಳಕು ಆಚೆ ಸೋರಿ ಹೋಗುತ್ತದೆ. ಹಿಂದೆ ಒಂದು ದಪ್ಪ ಬಟ್ಟೆ ಕೊಟ್ಟಿದ್ದರೆ ಸ್ವಲ್ಪ ಸುಧಾರಿಸುತ್ತಿತ್ತು. ಹೊಳಪಿಲ್ಲದ ಬಿಳಿ ಪೇಂಟ್ ಹೊಡೆದ ಸಾಪಾಟು ಗೋಡೆ ಪಂಚೆಗಿಂತ ಎಷ್ಟೋ ಮೇಲು.

ಮಲೆನಾಡ ಮೇಷ್ಟ್ರು:
ಅಳೆದೆವು. ಎಂಟು ಮಕ್ಕಳು, ಒಂದು ಫೋನು, ಗದ್ದಲವೋ ಗದ್ದಲ. ಬೆಳಗ್ಗೆ ಹನ್ನೊಂದು ಗಂಟೆ, ಮೋಡ ಇಲ್ಲ.

ಪ್ರೊಜೆಕ್ಟರ್ ಆರಿದ್ದಾಗ ಗೋಡೆ ಮೇಲೆ 180 ಲಕ್ಸ್.
ಪ್ರೊಜೆಕ್ಟರ್ ಹಚ್ಚಿ, ಆ 180 ಕಳೆದ ಮೇಲೆ, ನಡುವೆ 80, ಮೂಲೆಗಳಲ್ಲಿ 40ರ ಹತ್ತಿರ. ಒಂಬತ್ತರ ಸರಾಸರಿ 52.
120 ಇಂಚಿನ ಚಿತ್ರ ಹೆಚ್ಚು ಕಡಿಮೆ 4 ಚದರ ಮೀಟರ್. 52 ನಾಲ್ಕಲಿ 208.

ಅಂದರೆ 208 ಲ್ಯುಮೆನ್ಸ್. ಮೇಡಂ, ನಿಮ್ಮ ಅಂದಾಜಿಗೆ ಕೈ ಮುಗಿದೆ. ಮಕ್ಕಳು "12,000ರಲ್ಲಿ ಉಳಿದದ್ದು ಎಲ್ಲಿ ಹೋಯಿತು ಸಾರ್" ಅಂತ ಕೇಳುತ್ತಿದ್ದಾರೆ.

ಲೆಕ್ಕಕ್ಕೆ ಸಿಗದವ:
ಹಾಗಾದರೆ ನೇರ ಲೆಕ್ಕ. 208ರ ಜಾಗದಲ್ಲಿ ನಿಜವಾದ 3,500 ತಂದರೆ ಹದಿನೇಳು ಪಟ್ಟು ಬೆಳಕು. ತಗೊಳ್ಳಿ ಸರ್, ಯೋಚನೆ ಏನು? ದುಡ್ಡು ಕೊಡುವವರು ಇದ್ದಾರಲ್ಲ.

ಬೆಳಕಿಂಡಿ:
ಒಂದು ನಿಮಿಷ ನಿಲ್ಲಿ. ಎಲ್ಲರೂ 208ನ್ನು ನೋಡುತ್ತಿದ್ದೀರಿ. ನಾನು ನೋಡುತ್ತಿರುವುದು 180ನ್ನು.

ಪ್ರೊಜೆಕ್ಟರ್ ಬಿಳಿ ಬಿಡುತ್ತದೆ, ಕೆಂಪು ಬಿಡುತ್ತದೆ. ಕಪ್ಪು ಬಿಡುವ ಪ್ರೊಜೆಕ್ಟರನ್ನು ಇನ್ನೂ ಯಾರೂ ಮಾಡಿಲ್ಲ. ಚಿತ್ರದಲ್ಲಿ ಕಪ್ಪು ಇರುವ ಕಡೆ ಅದು ಸುಮ್ನೆ ಇರುತ್ತದೆ, ಅಷ್ಟೇ. ಅಲ್ಲಿ ನಿಮಗೆ ಕಾಣುವುದು ಗೋಡೆ. ಗೋಡೆ ಮೇಲೆ 180 ಲಕ್ಸ್ ಬಿಸಿಲು ಇದ್ದರೆ ಅದೇ ನಿಮ್ಮ ಕಪ್ಪು. ಬಿಳಿ ಅಂದರೆ 180ಕ್ಕೆ 52 ಸೇರಿ 232. ಕಪ್ಪಿಗೂ ಬಿಳಿಗೂ ಇರುವ ವ್ಯತ್ಯಾಸ ಒಂದಕ್ಕೆ ಒಂದೂಕಾಲು. ಅದರೊಳಗೆ ಕೆಂಪು, ನೀಲಿ, ಹೃದಯ, ಎಲ್ಲ ತುರುಕಬೇಕು. ಬೂದಿ ಆಗದೆ ಇನ್ನೇನಾಗುತ್ತದೆ?

ಈಗ ಇದೇ ರೂಮಿನಲ್ಲಿ, ಇದೇ 120 ಇಂಚಿಗೆ 3,500 ಹಾಕಿ. ಗೋಡೆಗೆ ಸುಮಾರು 880 ಲಕ್ಸ್ ಬೀಳುತ್ತದೆ. ಬಿಳಿ 1,060, ಕಪ್ಪು ಅದೇ 180. ಒಂದಕ್ಕೆ ಆರೂ ಇಲ್ಲ. ನಮ್ಮ ಕಸುಬಿನಲ್ಲಿ ಇನ್ಫೋಕಾಮ್ ಅನ್ನುವ ಸಂಸ್ಥೆ 2011ರಲ್ಲಿ ಕೊಟ್ಟ ಒಂದು ಅಳತೆ ಇದೆ. ಸುಮ್ಮನೆ ನೋಡಿಕೊಂಡು ಕೂರಲು ಕನಿಷ್ಠ 7ಕ್ಕೆ 1, ಓದಿ ತೀರ್ಮಾನ ಮಾಡಲು 15ಕ್ಕೆ 1, ಸೂಕ್ಷ್ಮ ವಿವರಕ್ಕೆ 50ಕ್ಕೆ 1, ಸಿನಿಮಾದಂಥ ವಿಡಿಯೋಗೆ 80ಕ್ಕೆ 1. ನಿಮ್ಮ 35,000 ಖರ್ಚು ಮಾಡಿದರೂ ಮೊದಲ ಮೆಟ್ಟಿಲು ಹತ್ತುತ್ತಿಲ್ಲ.

ಲೆಕ್ಕಕ್ಕೆ ಸಿಗದವ:
ಒಪ್ಪಲ್ಲ. ನಮ್ಮ ಆಫೀಸಿನಲ್ಲಿ 4,000ದ್ದು ಇದೆ, ಲೈಟು ಹಾಕಿಕೊಂಡೇ ನೋಡುತ್ತೇವೆ. ಚೆನ್ನಾಗೇ ಕಾಣುತ್ತದೆ.

ಬೆಳಕಿಂಡಿ:
ಏನು ನೋಡುತ್ತೀರಿ? ಬಿಳಿ ಹಾಳೆ ಮೇಲೆ ಕಪ್ಪು ಅಂಕಿಗಳು ತಾನೆ? ಅದಕ್ಕೆ ಸಾಕು. ನಾಳೆ ಅದೇ ರೂಮಿನಲ್ಲಿ ರಾತ್ರಿ ದೃಶ್ಯ ಇರುವ ಸಿನಿಮಾ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಲೆಕ್ಕಕ್ಕೆ ಸಿಗದವ:
ಎಕ್ಸೆಲ್ ಶೀಟೇ. ನಮ್ಮ ಮ್ಯಾನೇಜರ್ ಸಿನಿಮಾ ಹಾಕಿದ್ದರೆ ಇಷ್ಟೊತ್ತಿಗೆ ನನಗೆ ಗೊತ್ತಾಗುತ್ತಿತ್ತು.

ಹಳೇ ಆಪರೇಟರ್:
ಬೆಳಕಿಂಡಿಯವರ ಮಾತಿಗೆ ನನ್ನದೊಂದು ಸಾಕ್ಷಿ. ನಾನು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ, ಆಮೇಲೆ ಪರ್ಮನೆಂಟ್ ಥಿಯೇಟರಿನಲ್ಲಿ. ಟೆಂಟಿನಲ್ಲಿ ಮ್ಯಾಟಿನಿ ಇರುತ್ತಿರಲಿಲ್ಲ, ಯಾಕೆ ಗೊತ್ತಾ? ಬಟ್ಟೆಯ ಗೋಡೆ, ಹಗಲು ಒಳಗೆ ನುಗ್ಗುತ್ತಿತ್ತು. ಕತ್ತಲಾಗುವ ತನಕ ಮೈಕಿನಲ್ಲಿ ಭಕ್ತಿಗೀತೆ ಹಾಕಿಕೊಂಡು ಕೂರುತ್ತಿದ್ದೆವು. ಬೇಸಿಗೆಯಲ್ಲಿ ಹೊತ್ತು ಮುಳುಗುವುದು ತಡ, ಜನ ಗಲಾಟೆ ಮಾಡುತ್ತಿದ್ದರು. ಮಾಲೀಕರು ಬಂದು "ಶುರು ಮಾಡಪ್ಪ" ಅನ್ನುವರು. ಶುರು ಮಾಡಿದರೆ ಪರದೆ ಮೇಲೆ ದೆವ್ವಗಳು ಓಡಾಡಿದ ಹಾಗೆ. ಅದೇ ಮಷೀನು, ಅದೇ ಬೆಳಕು. ಇಪ್ಪತ್ತು ನಿಮಿಷ ಕಳೆದು ಹೊರಗೆ ಕತ್ತಲಾದರೆ ಅದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು.

ಮೂರನೇ ಬೆಂಚು:
ಅಜ್ಜಾ, ಆಗ ಬಲ್ಬು ಯಾವುದು? ಕಾರ್ಬನ್ ಕಡ್ಡಿ ಅಂತಾರಲ್ಲ, ಅದೇನಾ?

ಹಳೇ ಆಪರೇಟರ್:
ಅದೇ. ಬಲ್ಬೇ ಇಲ್ಲ. ಎರಡು ಕಡ್ಡಿ, ಮೇಲೆ ತಾಮ್ರದ ಲೇಪ. ಒಂದಕ್ಕೊಂದು ತಾಗಿಸಿ ಚೂರು ಬಿಡಿಸಿದರೆ ನಡುವೆ ಬೆಂಕಿ ಹತ್ತುತ್ತದೆ, ವೆಲ್ಡಿಂಗ್ ಥರ. ಬರಿಗಣ್ಣಿನಲ್ಲಿ ನೋಡುವ ಹಾಗಿಲ್ಲ, ಕಪ್ಪು ಗಾಜಿನಲ್ಲೇ ನೋಡಬೇಕು. ಕಡ್ಡಿ ಉರಿದು ಸವೆಯುತ್ತಾ ಹೋಗುತ್ತದೆ, ನಡುವಿನ ಸಂದು ದೊಡ್ಡದಾಗುತ್ತದೆ. ಆಗ ತಿರುಗಣಿ ತಿರುಗಿಸಿ ಮತ್ತೆ ಹತ್ತಿರ ತರಬೇಕು. ಚಹಾ ಕುಡಿಯುತ್ತಾ ಮರೆತೆವೋ, ಪರದೆ ಮೇಲೆ ಬೆಳಕಿನ ಬಣ್ಣವೇ ತಿರುಗಿ ಮಂಕಾಗುತ್ತಿತ್ತು. ತಕ್ಷಣ ಗಾಂಧಿ ಕ್ಲಾಸಿನಿಂದ ಸಿಳ್ಳೆ! ನಮ್ಮ ಲಕ್ಸ್ ಮೀಟರ್ ಆ ಸಿಳ್ಳೆಯೇ. ಉಳಿದ ತುಂಡು ಕಡ್ಡಿಗಳನ್ನು ಎಸೆಯುತ್ತಿರಲಿಲ್ಲ, ನ್ಯೂಸ್ ರೀಲಿಗೆ ಅವನ್ನೇ ಹಚ್ಚುತ್ತಿದ್ದೆವು.

ಆಮೇಲೆ ಜೆನಾನ್ ಲ್ಯಾಂಪ್ ಬಂತು. ತಿರುಗಣಿ ಕಾಟ ತಪ್ಪಿತು. ಆದರೆ ಹಳೇ ಲ್ಯಾಂಪನ್ನೇ ಎಳೆದು ಎಳೆದು ಓಡಿಸುವ ಮಾಲೀಕರು ಇದ್ದೇ ಇದ್ದರು.

ಮೂರನೇ ಬೆಂಚು:
ಅದಕ್ಕೇ ಕೆಲವು ಥಿಯೇಟರಿನಲ್ಲಿ ಈಗಲೂ ಚಿತ್ರ ಮಂಕು ಅನ್ನಿಸೋದಾ? ನಮ್ಮೂರಿನ ಒಂದು ಥಿಯೇಟರಿನಲ್ಲಿ ತ್ರೀಡಿ ನೋಡಿದೆ, ಕನ್ನಡಕ ಹಾಕಿದರೆ ಸಂಜೆ ಆದ ಹಾಗೆ.

ಪ್ರಿಸಂ:
ತ್ರೀಡಿಯಲ್ಲಿ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಹಂಚಬೇಕು, ಮೇಲೆ ಕನ್ನಡಕವೂ ಬೆಳಕು ತಿನ್ನುತ್ತದೆ. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತದೆ. ಕೆಲವು ಕಡೆ ತ್ರೀಡಿಗೆ ಬೆಳ್ಳಿ ಬಣ್ಣದ ಪರದೆ ಹಾಕುವುದು ಮುಖ್ಯವಾಗಿ ಎರಡು ಕಣ್ಣಿನ ಚಿತ್ರಗಳು ಬೆರೆಯದಿರಲಿ ಅಂತ, ಜೊತೆಗೆ ಬೆಳಕೂ ಸ್ವಲ್ಪ ಉಳಿಯುತ್ತದೆ.

ಒಂದು ಮಜಾ ಹೇಳಲಾ? ಸಿನಿಮಾ ಥಿಯೇಟರಿನ ಬಿಳಿಗೆ ನಿಗದಿಯಾದ ಮಟ್ಟ 48 ನಿಟ್ಸ್. ಮನೆಯ ಸಾಧಾರಣ ಎಲ್‌ಇಡಿ ಟಿವಿಯೇ 250, 300 ಕೊಡುತ್ತದೆ. 48 ನಿಟ್ಸ್ ಅಂದರೆ ಮಾಮೂಲಿ ಬಿಳಿ ಪರದೆ ಮೇಲೆ ಸುಮಾರು 150 ಲಕ್ಸ್ ಬಿದ್ದ ಹಾಗೆ.

ಈಗ ಮೇಷ್ಟ್ರ ಗೋಡೆ ನೋಡಿ. ಪ್ರೊಜೆಕ್ಟರ್ ಆರಿದ್ದಾಗಲೇ 180! ಥಿಯೇಟರಿನ ಬಿಳಿಗಿಂತ ನಿಮ್ಮ ಕ್ಲಾಸಿನ ಕಪ್ಪೇ ಜಾಸ್ತಿ ಬೆಳ್ಳಗಿದೆ ಸರ್.

ಮಲೆನಾಡ ಮೇಷ್ಟ್ರು:
ಇದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಗಣಿತದ ಮೇಷ್ಟ್ರು ಎರಡು ಸಲ ಓದಿಸಿದರು.

ಟೆರೇಸ್ ಟಾಕೀಸ್:
ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ 2025ರ ಜೂನ್ 3ರ ಐಪಿಎಲ್ ಫೈನಲ್ ಹಾಕಿದ್ದೆವು. ಏಳೂವರೆಗೆ ಶುರು, ಆಗಲೇ ಕತ್ತಲು, ಒಳ್ಳೆಯದಾಯಿತು ಅಂದುಕೊಂಡೆ. ಬೀದಿ ದೀಪ ಮರೆತೇ ಹೋಗಿತ್ತು. ಪರದೆಗೆ ನೇರ ಹೊಡೆಯುತ್ತಿತ್ತು. ಚೆಂಡು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕಾಮೆಂಟರಿ ಕೇಳಿ ಕೂಗುತ್ತಿದ್ದೆವು. ಕೊನೆಗೆ ಪರದೆಯನ್ನೇ ತಿರುಗಿಸಿ ದೀಪಕ್ಕೆ ಬೆನ್ನು ಮಾಡಿದೆವು. ಮುಗಿಯುವ ಹೊತ್ತಿಗೆ ಏನೂ ಕಾಣದಿದ್ದರೂ ನಡೆಯುತ್ತಿತ್ತು ಬಿಡಿ. ಹದಿನೆಂಟು ವರ್ಷ ಕಾದಿದ್ದು, ಕಪ್ ನಮ್ದೇ!

ಗಡಿಬಿಡಿ ಗುಂಡ:
ಕಪ್ ನಮ್ದೇ!!! ಪ್ರೊಜೆಕ್ಟರ್ ಯಾರದ್ದಾದ್ರೂ ಆಗ್ಲಿ.

ಹುಬ್ಬಳ್ಳಿ ಹುಡುಗ:
ವಿಷಯಕ್ಕ ಬರ್ರಿ. ಗುಂಡಣ್ಣ ಮೊದಲೇ ಹೇಳಿದ ಟಿವಿ ಮಾತು ಯಾರೂ ತಗೀಲಿಲ್ಲ. 35,000ಕ್ಕ 55 ಇಂಚಿನ ಟಿವಿ ಬರತದ. ಕಪ್ಪು ಕಪ್ಪಾಗೇ ಕಾಣತದ. ಕಿಟಕಿ ಮುಚ್ಚೋ ತಾಪತ್ರಯ ಇಲ್ಲ.

ಬೆಳಕಿಂಡಿ:
ಹಗಲಿಗೆ ಟಿವಿ ಮೇಲು, ಇಲ್ಲ ಅನ್ನಲ್ಲ. ಆದರೆ 24 ಅಡಿ ರೂಮು. ಓದುವ ವಿಷಯ ಆದರೆ ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು ಅಂತ ನಾವು ಲೆಕ್ಕ ಇಟ್ಟುಕೊಳ್ಳುತ್ತೇವೆ. 55 ಇಂಚಿನ ಟಿವಿ ಎತ್ತರ 68 ಸೆಂಟಿಮೀಟರ್. ಆರು ಪಟ್ಟು ಅಂದರೆ 4 ಮೀಟರ್, ಹದಿಮೂರು ಅಡಿ ಚಿಲ್ಲರೆ. ಹಿಂದಿನ ಎರಡು ಮೂರು ಬೆಂಚಿನವರಿಗೆ ಸಣ್ಣ ಅಕ್ಷರ ಸಿಗಲ್ಲ.

ಮೇಷ್ಟ್ರೇ, ದುಡ್ಡು ಮುಟ್ಟುವ ಮೊದಲು ಒಂದು ವಾರ ಹೀಗೆ ಮಾಡಿ. ಆ ಗಾಜಿನ ಹೆಂಚು ಮುಚ್ಚಿ. ಕಿಟಕಿ ಎದುರಿನ ಗೋಡೆ ಬಿಡಿ, ಅಲ್ಲಿಗೆ ಬೆಳಕು ನೇರ ಹೋಗುತ್ತದೆ. ಪಕ್ಕದ ಗೋಡೆಗೆ ಹಾಕಿ. ಪರದೆ ಹತ್ತಿರದ ಟ್ಯೂಬ್‌ಲೈಟ್ ಆರಿಸಿ, ಹಿಂದಿನದ್ದು ಇರಲಿ, ಮಕ್ಕಳು ನೋಟ್ಸ್ ಬರೆಯಬೇಕಲ್ಲ. ರೂಮು ಕತ್ತಲಾಗಬೇಕು ಅಂತಿಲ್ಲ, ಚಿತ್ರ ಬೀಳುವ ಜಾಗ ಕತ್ತಲಾದರೆ ಸಾಕು. ಆಮೇಲೆ ಚಿತ್ರವನ್ನು 80 ಇಂಚಿಗೆ ಇಳಿಸಿ.

ಪ್ರಿಸಂ:
ಸ್ಲೈಡುಗಳನ್ನೂ ನೋಡಿಕೊಳ್ಳಿ ಸರ್. ಗಾಢ ನೀಲಿ ಹಿನ್ನೆಲೆ ಮೇಲೆ ಕೆಂಪು ಅಕ್ಷರ ಹಾಕುವ ಚಟ ನಮ್ಮ ಮೇಷ್ಟ್ರುಗಳಿಗೆಲ್ಲ ಇದೆ, ನನಗೂ ಇತ್ತು. ಕಂಪ್ಯೂಟರಿನಲ್ಲಿ ಚಂದ, ಗೋಡೆ ಮೇಲೆ ಎರಡೂ ಒಂದೇ ಕೆಸರು. ಬಿಳಿ ಹಿನ್ನೆಲೆ, ಕಪ್ಪು ದಪ್ಪ ಅಕ್ಷರ ಇಟ್ಟುಬಿಡಿ.

ಮಲೆನಾಡ ಮೇಷ್ಟ್ರು:
ಮಾಡುತ್ತೇನೆ. ಒಂದು ಸಣ್ಣ ಅನುಮಾನ. ಮೆನುವಿನಲ್ಲಿ "ವಿವಿಡ್" ಅಂತ ಇದೆ. ಅದನ್ನು ಒತ್ತಿದರೆ ಬೆಳಕು ಏರುತ್ತದೆ, ಆದರೆ ಮನುಷ್ಯರ ಮುಖ ಹಸಿರಾಗುತ್ತದೆ. ಯಾಕೆ?

ಪ್ರಿಸಂ:
ನಮ್ಮ ಕಣ್ಣಿಗೆ ಹಸಿರು ಬೆಳಕು ಎಲ್ಲಕ್ಕಿಂತ ಹೆಚ್ಚು ಹೊಳೆದಂತೆ ಕಾಣುತ್ತದೆ. ಲ್ಯುಮೆನ್ ಲೆಕ್ಕವೂ ಕಣ್ಣಿನ ಲೆಕ್ಕವೇ. ಹಾಗಾಗಿ ಹಸಿರು ಏರಿಸಿದರೆ ಅಂಕ ಸುಲಭವಾಗಿ ಏರುತ್ತದೆ. ಒಳ್ಳೆಯ ಕಂಪನಿಗಳ ಲ್ಯಾಂಪ್ ಪ್ರೊಜೆಕ್ಟರಿನಲ್ಲೂ ಡಬ್ಬಿ ಮೇಲಿನ ಸಂಖ್ಯೆ ಬರುವುದು ಇಂಥ ಮೋಡಿನಲ್ಲೇ. ಬಣ್ಣ ಸರಿ ಇರುವ ಸಿನಿಮಾ ಮೋಡಿಗೆ ಹಾಕಿದರೆ ಮೂರನೇ ಒಂದು ಭಾಗ ಹೋದರೂ ಆಶ್ಚರ್ಯ ಇಲ್ಲ. ಹೃದಯಕ್ಕೆ ವಿವಿಡ್ ಬೇಡ. ಎಲೆಯ ಪಾಠ ಇದ್ದರೆ ಇಟ್ಟುಕೊಳ್ಳಿ!

ಕಡಲ ತಡಿ:
ನಮ್ಮ ಶಾಲೆಯದ್ದು ಬೇರೆ ಕಥೆ. ಹೆಸರಿದ್ದ ಕಂಪನಿಯದ್ದೇ, 3,300 ಲ್ಯುಮೆನ್ಸ್, ಲ್ಯಾಂಪ್ ಇರುವಂಥದ್ದು. ಮೊದಲ ವರ್ಷ ಕಣ್ಣು ಕೋರೈಸುತ್ತಿತ್ತು. ಈಗ ಮುಸುಕು ಮುಸುಕು. ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಇದಕ್ಕೇನು?

ಬೆಳಕಿಂಡಿ:
ಫಿಲ್ಟರ್ ತೆಗೆದು ನೋಡಿ. ಶಾಲೆ ಅಂದರೆ ಸೀಮೆಸುಣ್ಣ. ಆ ಬಿಳಿ ಪುಡಿ ಗಾಳಿಯ ಕಿಂಡಿಯಲ್ಲಿ ಕೂತು ಗಾಳಿ ಆಡಲ್ಲ, ಬಿಸಿಯಾಗುತ್ತದೆ, ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಲ್ಯಾಂಪ್ ಎಷ್ಟು ಗಂಟೆ ಓಡಿದೆ ಅಂತ ಮೆನುವಿನಲ್ಲಿ ಇರುತ್ತದೆ, ಅದನ್ನೂ ನೋಡಿ. ಲ್ಯಾಂಪಿನ ಆಯಸ್ಸು 4,000 ಗಂಟೆ ಅಂದರೆ ಅಷ್ಟೊತ್ತಿಗೆ ಬೆಳಕು ಅರ್ಧಕ್ಕೆ ಬಂದಿರುತ್ತದೆ ಅಂತ ಅರ್ಥ, ಅಲ್ಲಿಯ ತನಕ ಹೊಸದರಂತೆ ಇರುತ್ತದೆ ಅಂತಲ್ಲ. ಲೇಸರಿನದ್ದು 20,000 ಗಂಟೆ ಅನ್ನುತ್ತಾರಲ್ಲ, ಅಲ್ಲೂ ಇದೇ ಅರ್ಧದ ಲೆಕ್ಕ.

ಕಡಲ ತಡಿ:
ತೆಗೆದೆ. ಫಿಲ್ಟರಿನಲ್ಲಿ ರಂಗೋಲಿ ಹಾಕುವಷ್ಟು ಪುಡಿ ಇತ್ತು. ಬ್ರಶ್ಶಿನಲ್ಲಿ ಉದುರಿಸಿದೆ, ಈಗ ಆಫ್ ಆಗುತ್ತಿಲ್ಲ. ಲ್ಯಾಂಪು 4,600 ಗಂಟೆ. ಬದಲಿಸಲೇಬೇಕು ಅನ್ನಿಸುತ್ತದೆ.

ಬೆಳಕಿಂಡಿ:
ಹೌದು, ಬದಲಿಸಿ. ಹಳೆಯದನ್ನು ಒಡೆಯಬೇಡಿ, ಒಳಗೆ ಪಾದರಸ ಇರುತ್ತದೆ. ಇನ್ನೊಂದು, ಆರಿಸಿದ ಕೂಡಲೇ ಗೋಡೆಯ ಸ್ವಿಚ್ ತೆಗೆಯಬೇಡಿ, ಫ್ಯಾನ್ ನಿಲ್ಲುವ ತನಕ ಕಾಯಿರಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ಸಿಗೆ ಹಾಕಿ.

ಲೆಕ್ಕಕ್ಕೆ ಸಿಗದವ:
ನನ್ನದೂ ಒಂದು ತಕರಾರು. ನಮ್ಮ ಆಫೀಸಿನದ್ದು ಡಿಎಲ್‌ಪಿ, ಒಳಗೆ ಪುಟ್ಟ ಪುಟ್ಟ ಕನ್ನಡಿಗಳಿರುವ ಪ್ರೊಜೆಕ್ಟರ್. ಬಿಳಿ ಚೆನ್ನಾಗಿ ಹೊಳೆಯುತ್ತದೆ, ಹಳದಿ ಮಾತ್ರ ಸಾಸಿವೆ ಬಣ್ಣ. ಚಾರ್ಟಿನಲ್ಲಿ ನನ್ನ ಟೀಮಿನ ಹಳದಿ ಪಟ್ಟಿ ಯಾವಾಗಲೂ ಸೋತವನ ಮುಖ.

ಬೆಳಕಿಂಡಿ:
ಒಳಗೆ ಬಣ್ಣದ ಚಕ್ರ ತಿರುಗುತ್ತಿರುತ್ತದೆ. ಆಫೀಸಿಗೆ ಅಂತ ಮಾಡಿದವುಗಳಲ್ಲಿ ಕೆಂಪು, ಹಸಿರು, ನೀಲಿ ಜೊತೆ ಒಂದು ಬಿಳಿ ತುಂಡೂ ಇರುತ್ತದೆ. ಅದು ಬಿಳಿಗೆ ಮಾತ್ರ ಬಲ ಕೊಡುತ್ತದೆ, ಬಣ್ಣಗಳಿಗೆ ಇಲ್ಲ. ಹಾಗಾಗಿ ಬಿಳಿಯ ಪಕ್ಕ ಹಳದಿ ಬಡವಾಗುತ್ತದೆ. ಮೂರು ಎಲ್‌ಸಿಡಿ ಇರುವುದರಲ್ಲಿ ಈ ಸಮಸ್ಯೆ ಇಲ್ಲ. ಅದಕ್ಕೇ ಅಂಥವನ್ನು ಮಾಡುವ ಎಪ್ಸನ್ ಕಂಪನಿಯವರು ಬಿಳಿಯ ಲ್ಯುಮೆನ್ಸ್, ಬಣ್ಣದ ಲ್ಯುಮೆನ್ಸ್ ಅಂತ ಎರಡೂ ಬರೆದು ಎದೆ ತಟ್ಟಿಕೊಳ್ಳುವುದು. ನಿಮ್ಮ ಟೀಮನ್ನು ಹಸಿರಿಗೆ ಬದಲಿಸಿ.

ಮೂರನೇ ಬೆಂಚು:
ಮೇಷ್ಟ್ರು ಎಲ್ಲಿ? ಒಂದು ವಾರ ಆಯಿತು.

ಮಲೆನಾಡ ಮೇಷ್ಟ್ರು:
ಇಲ್ಲೇ ಇದ್ದೇನೆ. ಪರೀಕ್ಷೆ ಪೇಪರ್ ತಿದ್ದುತ್ತಿದ್ದೆ.

ಒಬ್ಬ ಹುಡುಗನ ಮನೆಯಿಂದ ಅಡಿಕೆ ಒಣಗಿಸುವ ಹಳೇ ಟಾರ್ಪಾಲು ಬಂತು. ಅದನ್ನು ಒಳಗಿನಿಂದ ರೀಪಿಗೆ ಕಟ್ಟಿ ಆರೂ ಗಾಜಿನ ಹೆಂಚು ಮುಚ್ಚಿದೆವು. ಹಗ್ಗ ಎಳೆದರೆ ಸರಿಯುವ ಹಾಗೆ ಮಾಡಿದ್ದೇವೆ, ಬೇರೆ ಪಿರಿಯಡ್ಡಿಗೆ ಬೆಳಕು ಬೇಕಲ್ಲ. ಹತ್ತಿರದ ಎರಡು ಕಿಟಕಿಗೆ ಗೋಣಿಚೀಲ. ಪಕ್ಕದ ಗೋಡೆಗೆ ಸುಣ್ಣ ಹೊಡೆಸಿ, ಸುತ್ತ ನಾಲ್ಕು ಬೆರಳಗಲ ಕಪ್ಪು ಪಟ್ಟಿ ಬಳಿದೆವು. ಪ್ರೊಜೆಕ್ಟರನ್ನು ಮೂರೂವರೆ ಮೀಟರಿನಿಂದ ಎರಡೂಕಾಲು ಮೀಟರಿಗೆ ತಂದೆವು. ಚಿತ್ರ 80 ಇಂಚು.

ಅದೇ ಹನ್ನೊಂದು ಗಂಟೆಗೆ, ಅದೇ ಫೋನಿನಲ್ಲಿ ಅಳೆದೆವು. ಪ್ರೊಜೆಕ್ಟರ್ ಆರಿದ್ದಾಗ 20 ಲಕ್ಸ್. ಹಚ್ಚಿದಾಗ, ಆ 20 ಸೇರಿ, ಸರಾಸರಿ 138. ಒಂದಕ್ಕೆ 6.9, ಏಳರ ಹತ್ತಿರ.

ಪ್ರಿಸಂ:
ತಾಳಿ ತಾಳಿ. 3,500 ಲ್ಯುಮೆನ್ಸಿನ ಹೊಸದನ್ನು ಬಿಸಿಲಿನ ಗೋಡೆಗೆ ಹಾಕಿದ್ದರೆ ಆರರ ಒಳಗೆ ಅಂತ ಬಂದಿತ್ತು ಅಲ್ವಾ? ಅದನ್ನು ಈ 208ರದ್ದು ಟಾರ್ಪಾಲು, ಗೋಣಿಚೀಲ ಹಿಡಿದು ಹಿಂದೆ ಹಾಕಿದೆ!

ಲೆಕ್ಕಕ್ಕೆ ಸಿಗದವ:
ಸರಿ, ಸೋತೆ. ಆದರೆ ಚಿತ್ರವೂ ಚಿಕ್ಕದಾಗಿದೆ, ಅದನ್ನೂ ಹೇಳಿ.

ಬೆಳಕಿಂಡಿ:
ಹೇಳೋಣ. 80 ಇಂಚಿನ ಎತ್ತರ ಒಂದು ಮೀಟರ್, ಆರು ಪಟ್ಟು ಅಂದರೆ ಆರು ಮೀಟರ್, ಹತ್ತಿರ ಹತ್ತಿರ ಇಪ್ಪತ್ತು ಅಡಿ. ಈಗ ಪಕ್ಕದ ಗೋಡೆಗೆ ತಿರುಗಿಸಿದ್ದರಿಂದ ರೂಮಿನ ಉದ್ದವೂ 20 ಅಡಿಯೇ. ಕೊನೇ ಬೆಂಚಿಗೂ ತಲುಪುತ್ತದೆ. ಮುಂದೆ ಆ 35,000ಕ್ಕೆ ನಿಜವಾದ 3,500 ತಂದು ಇದೇ ಕತ್ತಲಿನಲ್ಲಿ 120 ಇಂಚು ಮಾಡಿದರೂ 40ಕ್ಕೆ 1ರ ಮೇಲೆ ಬರುತ್ತದೆ. ಆಗ ತಗೊಳ್ಳಿ, ದುಡ್ಡಿಗೆ ಮೋಸ ಇಲ್ಲ.

ಹಳೇ ಆಪರೇಟರ್:
ಟೆಂಟ್ ಕಟ್ಟಿದಿರಿ ಅನ್ನಿ ಮೇಷ್ಟ್ರೇ.

ಹುಬ್ಬಳ್ಳಿ ಹುಡುಗ:
ಕತ್ತಲಿಗೆ ಹುಡುಗರು ಮಲಗಲಿಲ್ಲೇನ್ರಿ?

ಮಲೆನಾಡ ಮೇಷ್ಟ್ರು:
ಇಬ್ಬರು ಮಲಗಿದರು, ಅವರು ಬೆಳಕಿದ್ದಾಗಲೂ ಮಲಗುತ್ತಿದ್ದವರೇ. ಮೊದಲ ದಿನ "ಆನ್ ಮಾಡಿ" ಅಂದಿದ್ದ ಹುಡುಗ ಇವತ್ತು ಕೈ ಎತ್ತಿ, "ಸಾರ್, ಈ ಕಡೆ ನೀಲಿ ಇತ್ತಾ? ನಾನು ರೆಕಾರ್ಡ್ ಬುಕ್ಕಿನಲ್ಲಿ ಎರಡೂ ಕಡೆ ಬೂದಿ ಬಣ್ಣ ಹಚ್ಚಿದೀನಿ" ಅಂದ. ತೆರೆದು ನೋಡಿದೆ. ನಿಜವಾಗಿಯೂ ಪೆನ್ಸಿಲ್ಲಿನಲ್ಲಿ ನೀಟಾಗಿ ಬೂದಿ ತುಂಬಿದ್ದ. ಗೋಡೆ ಮೇಲೆ ಕಂಡದ್ದನ್ನೇ ಬರೆದಿದ್ದಾನೆ, ಹೇಗೆ ಬೈಯಲಿ?

ಗಡಿಬಿಡಿ ಗುಂಡ:
ಫುಲ್ ಮಾರ್ಕ್ಸ್ ಕೊಡಿ ಅವನಿಗೆ. ಅಂದ ಹಾಗೆ ಸೌಂಡ್ ಹೇಗಿದೆ ಮೇಷ್ಟ್ರೇ?

ಮಲೆನಾಡ ಮೇಷ್ಟ್ರು:
ಮಳೆ ಇಲ್ಲದಿದ್ದಾಗ ಕೇಳಿಸುತ್ತದೆ. ಹೆಂಚಿನ ಮೇಲೆ ಒಂದು ಸಲ ಜಡಿಮಳೆ ಹಿಡಿದರೆ ನನ್ನ ದನಿಯೇ ನನಗೆ ಕೇಳಿಸಲ್ಲ. ಜೂನ್ ಬರಲಿ, ಬೇರೆ ಥ್ರೆಡ್ ಹಾಕುತ್ತೇನೆ.